ಕಪ್ ಸೆಟ್ ಮತ್ತು ಕಾಟಾ: ಕೇಕಿನ ಅಳತೆಗೆ ಯಾವುದು ನೆಚ್ಚಿಕೆಯದ್ದು?

ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳಲ್ಲಾಗಲಿ, ಧಾರವಾಡದ ಸುಭಾಸ್ ರಸ್ತೆಯಲ್ಲಾಗಲಿ “ಕೇಕಿನ ಕಪ್ ಸೆಟ್ ಕೊಡ್ರೀ” ಅಂದರೆ ಕೈಗೆ ಬರುವುದು ಹೆಚ್ಚುಕಡಿಮೆ ಒಂದೇ ಮಾಲು. ಕಪ್ಪು ಪ್ಲಾಸ್ಟಿಕ್ಕಿನ ನಾಲ್ಕು ಕಪ್, ನಾಲ್ಕು ಚಮಚ, ಎಲ್ಲದರ ಹಿಡಿಕೆಗೂ ತೂತು, ಆ ತೂತಿನಲ್ಲಿ ಪೋಣಿಸಿದ ರಿಂಗು. ಬೆಲೆ 100ರಿಂದ 150 ರೂಪಾಯಿ. ಅದರ ಪಕ್ಕದಲ್ಲೇ ಡಬ್ಬಿಯಲ್ಲಿ ಕೂತಿರುವುದು ಬಿಳಿ ಪ್ಲಾಸ್ಟಿಕ್ಕಿನ ಎಲೆಕ್ಟ್ರಾನಿಕ್ ಕಾಟಾ: ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ಓಡುತ್ತದೆ, ಒಂದೊಂದು ಗ್ರಾಂ ಲೆಕ್ಕ ತೋರಿಸುತ್ತದೆ, 300ರಿಂದ 500 ರೂಪಾಯಿಯೊಳಗೆ ಸಿಗುತ್ತದೆ. ಮನೆಯಲ್ಲಿ ಕೇಕ್, ಬಿಸ್ಕಿಟ್, ಬ್ರೆಡ್ ಮಾಡುವವರು ಸಾಮಾನ್ಯವಾಗಿ ಮೊದಲನೆಯದನ್ನು ಕೊಂಡು ಎರಡನೆಯದನ್ನು ಬಿಟ್ಟುಬರುತ್ತಾರೆ. ಆ ಲೆಕ್ಕ ಉಲ್ಟಾ ಆಗಬೇಕು. ಒಂದಕ್ಕೇ ದುಡ್ಡಿದ್ದರೆ ಕಾಟಾ ತಗೊಳ್ಳಿ. ಕಪ್ ಸೆಟ್ಟನ್ನೂ ತಗೊಳ್ಳುವುದಾದರೆ ಅದರೊಳಗಿನ ಚಮಚಗಳಿಗಾಗಿ ತಗೊಳ್ಳಿ, ಕಪ್ಪುಗಳಿಗಾಗಿ ಅಲ್ಲ. ಐದಕ್ಕೆ ಅಂಕ ಕೊಡುವುದಾದರೆ ಕಾಟಾಕ್ಕೆ ನಾಲ್ಕು, ಚಮಚಕ್ಕೆ ನಾಲ್ಕು, ಕಪ್ಪಿಗೆ ಎರಡು.

ಕಪ್ಪಿಗೆ ಯಾಕೆ ಎರಡೇ ಅಂಕ ಅನ್ನುವುದು ಅದರ ಹಿಡಿಕೆಯ ಮೇಲೆಯೇ ಬರೆದಿದೆ. ಈ ಮಾಲಿನಲ್ಲಿ ಸಾಧಾರಣವಾಗಿ ಒಂದು ಕಪ್ಪಿಗೆ 250 ಮಿ.ಲೀ., ಅರ್ಧಕ್ಕೆ 125, ಮೂರನೇ ಒಂದಕ್ಕೆ 80, ಕಾಲಿಗೆ 60 ಎಂದಿರುತ್ತದೆ. ಕೂಡಿಸಿ ನೋಡಿ. ಎರಡು ಅರ್ಧ ಸೇರಿದರೆ 250. ಮೂರು ಮೂರನೇ ಒಂದು ಸೇರಿದರೆ 240. ನಾಲ್ಕು ಕಾಲು ಸೇರಿದರೂ 240. ಒಂದೇ ರಿಂಗಿನ ಕಪ್ಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 250 ಅನ್ನುವುದು ಮೆಟ್ರಿಕ್ ಕಪ್; ಆಸ್ಟ್ರೇಲಿಯಾದವರ ಪಾಕವಿಧಾನಗಳಲ್ಲಿ ಬರುವುದು ಅದು. 240 ಅನ್ನುವುದು ಅಮೆರಿಕದವರು ಆಹಾರದ ಲೇಬಲ್ಲಿಗೆ ಇಟ್ಟುಕೊಂಡ ಕಪ್. ಅವರ ಅಡುಗೆಮನೆಯ ಕಪ್ ಇನ್ನೂ ಕೊಂಚ ಚಿಕ್ಕದು, 236.6 ಮಿ.ಲೀ. ಜಪಾನಿನ ಕಪ್ 200 ಮಿ.ಲೀ. ಹಾಗಾಗಿ ವಿಡಿಯೊ ನೋಡಿ ಕೇಕ್ ಮಾಡುವವರು ಮೊದಲು ಆ ವಿಡಿಯೊ ಯಾವ ದೇಶದ್ದು ಅನ್ನುವುದನ್ನು ಗಮನಿಸಬೇಕು.

ಆದರೆ 240ಕ್ಕೂ 250ಕ್ಕೂ ಇರುವ ಫರಕು ನೂರಕ್ಕೆ ನಾಲ್ಕರಷ್ಟು ಮಾತ್ರ. ಮೈದಾ, ಸಕ್ಕರೆ, ಎಣ್ಣೆ, ಮೊಸರು ಎಲ್ಲವನ್ನೂ ಒಂದೇ ಕಪ್ಪಿನಿಂದ ಅಳೆದರೆ ಪ್ರಮಾಣ ತಂತಾನೇ ಹೊಂದಿಕೊಳ್ಳುತ್ತದೆ. ಮೊಟ್ಟೆ ಮತ್ತು ಚಮಚದ ಲೆಕ್ಕದ ಸೋಡಾ ಮಾತ್ರ ತುಸು ಹಿಂದೆ ಬೀಳುತ್ತವೆ. ಅದರಿಂದ ಕೇಕ್ ಕೆಡುವುದಿಲ್ಲ. ಕೆಡಿಸುವ ತಪ್ಪುಗಳು ಬೇರೆ ಇವೆ, ಮತ್ತು ಅವು ಬಹಳ ದೊಡ್ಡವು.

ಮೊದಲನೆಯ ತಪ್ಪು, ಹಿಡಿಕೆಯ ಮೇಲಿನ 250 ಅನ್ನು ಗ್ರಾಂ ಎಂದು ಓದುವುದು. “ಒಂದು ಕಪ್ ಅಂದ್ರ ಪಾವು ಕಿಲೋ” ಎಂಬ ಮಾತು ನಮ್ಮ ಕಡೆ ಅಡುಗೆಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ನೀರಿಗೆ ಅದು ಸರಿ. ಹಾಲು, ಮೊಸರಿಗೂ ಹೆಚ್ಚುಕಡಿಮೆ ಸರಿ. ಮೈದಾಕ್ಕೆ ಪೂರ್ತಿ ತಪ್ಪು. ಪಾವು ಕಿಲೋ ಮೈದಾ ಅಂದರೆ ಸಡಿಲವಾಗಿ ತುಂಬಿದ ಎರಡು ಕಪ್. ಪಾವು ಕಿಲೋ ಸಕ್ಕರೆ ಅಂದರೆ ಒಂದೂಕಾಲು ಕಪ್. ಬೇಕರಿಯವರು ಪಾವು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಕಪ್ ಹಿಡಿದು ಮಾಡುವಾಗ ಮೈದಾ ಅರ್ಧಕ್ಕರ್ಧ ಕಡಿಮೆ ಬಿದ್ದು, ಹಿಟ್ಟು ನೀರಾಗಿ, ಕೇಕ್ ಏಳದೆ ಕೂಡುವುದು ಇದರಿಂದಲೇ.

ಇದು ಹೊಸ ತೊಡಕೇನೂ ಅಲ್ಲ. ಸೇರು ಅನ್ನುವ ಒಂದೇ ಹೆಸರು ಹಿಂದೆ ತೂಕಕ್ಕೂ ಇತ್ತು, ಕಾಳು ಅಳೆಯುವ ಪಾತ್ರೆಗೂ ಇತ್ತು. ತೂಕದ ಪಕ್ಕಾ ಸೇರು ಅಂದರೆ 80 ತೊಲ, ಈಗಿನ 933 ಗ್ರಾಂ. ಆದರೆ ಅಳತೆಯ ಸೇರಿಗೆ ಜೋಳ ತುಂಬಿದರೆ ಒಂದು ತೂಕ, ಜೋಳದ ಹಿಟ್ಟು ತುಂಬಿದರೆ ಇನ್ನೊಂದು ತೂಕ. ಕಾಳಿಗೂ ಹಿಟ್ಟಿಗೂ ಇರುವ ಈ ಫರಕು ಹಳಬರಿಗೆ ಕೈಯಲ್ಲೇ ಗೊತ್ತಿತ್ತು. ಹಿಡಿಕೆಯ ಮೇಲೆ ಅಂಕಿ ಅಚ್ಚಾಗಿ ಬಂದ ಮೇಲೆ ಅದು ಮರೆತಂತಾಗಿದೆ.

ಎರಡನೆಯ ತಪ್ಪು ಕೈಯದು, ಇದನ್ನು ತುಸು ಹತ್ತಿರದಿಂದ ನೋಡಬೇಕು. ಮೈದಾದ ಡಬ್ಬಿಯೊಳಗೆ 240 ಮಿ.ಲೀ. ಕಪ್ಪನ್ನು (ಮುಂದಿನ ಲೆಕ್ಕವೆಲ್ಲ ಈ ಕಪ್ಪಿನದೇ) ನೇರ ಅದ್ದಿ, ಡಬ್ಬಿಯ ಗೋಡೆಗೆ ಒತ್ತಿ ಎತ್ತಿ, ಮೇಲೆ ಸಮ ಮಾಡಿ ಕಾಟಾದ ಮೇಲಿಡಿ. ಕಪ್ಪಿನ ತೂಕ ಕಳೆದು 140ರಿಂದ 150 ಗ್ರಾಂ ತೋರಿಸುತ್ತದೆ. ಈಗ ಅದೇ ಮೈದಾವನ್ನು ಡಬ್ಬಿಯಲ್ಲೇ ಚಮಚದಿಂದ ಕೆದಕಿ ಸಡಿಲಿಸಿ, ಚಮಚದಿಂದ ಕಪ್ಪಿಗೆ ಹಗುರಾಗಿ ಉದುರಿಸಿ, ತುಂಬಿ ಮೇಲೆ ಬಂದ ಗುಡ್ಡೆಯನ್ನು ಚಾಕುವಿನ ಬೆನ್ನಿನಿಂದ ಒಂದೇ ಎಳೆತಕ್ಕೆ ತೆಗೆದುಹಾಕಿ. ಈಗ 120ರಿಂದ 125. ಕಪ್ಪಿನ ಮೇಲೆಯೇ ಜರಡಿ ಹಿಡಿದು ತುಂಬಿಸಿದರೆ 115ರ ಆಸುಪಾಸು. ಇನ್ನು ತುಂಬುವಾಗ ಕಪ್ಪನ್ನು ಕಟ್ಟೆಗೆ ಎರಡು ಸಲ ಕುಟ್ಟುವ ರೂಢಿಯಿದ್ದರೆ ಹಿಟ್ಟು ಕುಸಿದು, ಮತ್ತೆ ಮೇಲೆ ತುಂಬಿ, ಎಲ್ಲ ಲೆಕ್ಕವನ್ನೂ ದಾಟುತ್ತದೆ. ಕಪ್ ಅದೇ, ಮೈದಾ ಅದೇ, ಕೈ ಅದೇ. ಫರಕು 30 ಗ್ರಾಂ. ಮಳೆಗಾಲದಲ್ಲಿ ಧಾರವಾಡದ ಥಂಡಿಗೆ ಮೈದಾ ಗಂಟುಗಟ್ಟಿದಾಗ ಒತ್ತಡ ಇನ್ನೂ ಹೆಚ್ಚು ಬೀಳುತ್ತದೆ.

30 ಗ್ರಾಮಿನಿಂದ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರ ಮನೆಯಲ್ಲೂ ಮಾಡುವ ಮೊಸರಿನ ಎಗ್‌ಲೆಸ್ ಕೇಕನ್ನೇ ತೆಗೆದುಕೊಳ್ಳೋಣ: ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಮೊಸರು, ಅರ್ಧ ಕಪ್ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ. ತೂಕಕ್ಕೆ ತಿರುಗಿಸಿದರೆ ಮೈದಾ 185 ಗ್ರಾಂ, ಸಕ್ಕರೆ 200, ಮೊಸರು 245, ಎಣ್ಣೆ 110. ಕಪ್ ಅದ್ದಿ ಎತ್ತಿದವರ ಬಟ್ಟಲಿಗೆ ಬೀಳುವ ಮೈದಾ 185 ಅಲ್ಲ, 215ರಿಂದ 220. ಹಿಟ್ಟು ಚಮಚದಿಂದ ರಿಬ್ಬನ್ನಿನಂತೆ ಇಳಿಯುವ ಬದಲು ಮುದ್ದೆಮುದ್ದೆಯಾಗಿ ಬೀಳುತ್ತದೆ. ಒವನ್ನಿನಲ್ಲಿ ಅಂಚು ಮೊದಲು ಗಟ್ಟಿಯಾಗಿ, ನಡುವೆ ಗುಡ್ಡದಂತೆ ಎದ್ದು ಬಿರುಕು ಬಿಡುತ್ತದೆ. ಮಾರನೆಯ ದಿನ ಕೊಯ್ದರೆ ಪುಡಿಪುಡಿ. ಇಲ್ಲಿ ಬಹಳ ಜನ ಮಾಡುವ ಮುಂದಿನ ತಪ್ಪು, “ಉಬ್ಬಿಲ್ಲ” ಎಂದುಕೊಂಡು ಮುಂದಿನ ಸಲ ಸೋಡಾ ಹೆಚ್ಚಿಸುವುದು. ಆಗ ಕೇಕ್ ಕಂದು ಬಣ್ಣಕ್ಕೆ ತಿರುಗಿ ಸಾಬೂನಿನ ರುಚಿ ಬರುತ್ತದೆ. ರೋಗ ಮೈದಾದ್ದು, ಔಷಧಿ ಸೋಡಾಕ್ಕೆ ಹಾಕಿದಂತೆ.

ಸಕ್ಕರೆಯಲ್ಲಿ ಎಡವುವುದು ಬೇರೆ ಕಡೆ. ಹರಳು ಸಕ್ಕರೆ ಕಪ್ಪಿಗೆ 200 ಗ್ರಾಂ. ಒತ್ತಿದರೂ ಕುಟ್ಟಿದರೂ ಹೆಚ್ಚು ಬದಲಾಗುವುದಿಲ್ಲ. ಪುಡಿ ಸಕ್ಕರೆ ಕಪ್ಪಿಗೆ 120 ಗ್ರಾಂ ಮಾತ್ರ. ನಮ್ಮಲ್ಲಿ ಸಿಗುವ ದಪ್ಪ ಹರಳು ಬೇಗ ಕರಗುವುದಿಲ್ಲವಾದ್ದರಿಂದ ಮಿಕ್ಸರಿಗೆ ಹಾಕಿ ಪುಡಿ ಮಾಡಿಕೊಳ್ಳುವುದು ರೂಢಿ, ಒಳ್ಳೆಯದೇ. ಆದರೆ ಪಾಕವಿಧಾನದಲ್ಲಿ “ಒಂದು ಕಪ್ ಸಕ್ಕರೆ, ಪುಡಿ ಮಾಡಿದ್ದು” ಎಂದಿದ್ದರೆ 200 ಗ್ರಾಂ, “ಒಂದು ಕಪ್ ಪುಡಿ ಸಕ್ಕರೆ” ಎಂದಿದ್ದರೆ 120. ಮಾತಿನ ಕ್ರಮ ಬದಲಾದರೆ 80 ಗ್ರಾಂ ಸಕ್ಕರೆ ಬದಲಾಗುತ್ತದೆ. ಸಕ್ಕರೆ ಬರೀ ಸಿಹಿಗಲ್ಲ, ಕೇಕಿನ ಹಸಿಯನ್ನು ಹಿಡಿದಿಡುವುದೂ ಅದೇ. ಕಡಿಮೆಯಾದರೆ ಕೇಕ್ ಸಪ್ಪೆಯಾಗುವ ಜೊತೆಗೆ ಒಣಗುತ್ತದೆ. ಮೊದಲು ಹರಳನ್ನೇ ತೂಗಿ ಆಮೇಲೆ ಮಿಕ್ಸರಿಗೆ ಹಾಕುವವರಿಗೆ ಈ ಗೊಂದಲವೇ ಇಲ್ಲ. ಬೆಲ್ಲಕ್ಕಂತೂ ಕಪ್ ಬೇಡವೇ ಬೇಡ. ತುರಿದದ್ದು, ಜಜ್ಜಿದ್ದು, ಅಂಟು ಬೆಲ್ಲ, ಪುಡಿ ಬೆಲ್ಲ, ಒಂದೊಂದೂ ಕಪ್ಪಿನಲ್ಲಿ ಒಂದೊಂದು ಥರ ಕೂಡುತ್ತದೆ.

ಎಣ್ಣೆಯ ಪಾಠ ಪ್ರತಿ ಮನೆಯ ಕಪಾಟಿನಲ್ಲಿದೆ. ಒಂದು ಲೀಟರ್ ಎಣ್ಣೆಯ ಪಾಕೀಟಿನ ಮೇಲೆ ತೂಕ 910 ಗ್ರಾಂ ಎಂದು ಬರೆದಿರುತ್ತದೆ, ನೋಡಿ. ಎಣ್ಣೆ ನೀರಿಗಿಂತ ಹಗುರ. ಹಾಗಾಗಿ ಅರ್ಧ ಕಪ್, ಅಂದರೆ 120 ಮಿ.ಲೀ. ಎಣ್ಣೆ ಸುಮಾರು 110 ಗ್ರಾಂ. ಇದನ್ನೇ ತಿರುಗಿಸಿ ಜೇನಿಗೆ ನೋಡಿದರೆ ಒಂದು ಕಪ್ ಜೇನು 340 ಗ್ರಾಂ. ಎರಡೂ ಕಣ್ಣಿಗೆ ದ್ರವವೇ, ಎರಡೂ ಕಪ್ಪಿನಲ್ಲಿ ಒಂದೇ ಗೆರೆಗೆ ನಿಲ್ಲುತ್ತವೆ. ಕೆಲವು ಕಾಟಾಗಳಲ್ಲಿ ಮಿ.ಲೀ. ತೋರಿಸುವ ಗುಂಡಿ ಇರುತ್ತದೆ. ಅದು ನೀರಿನ ಲೆಕ್ಕ. ಎಣ್ಣೆಗೆ ಅದನ್ನು ನಂಬಿದರೆ “100 ಮಿ.ಲೀ.” ಎಂದು ತೋರಿಸಿದಾಗ ಬಟ್ಟಲಲ್ಲಿ ನಿಜವಾಗಿ ಸುಮಾರು 110 ಮಿ.ಲೀ. ಬಿದ್ದಿರುತ್ತದೆ.

ತುಪ್ಪ, ಬೆಣ್ಣೆಗೂ ಕಾಟಾವೇ ಸರಿ. ಬೇಸಿಗೆಯಲ್ಲಿ ತುಪ್ಪ ನೀರಾಗಿರುತ್ತದೆ, ಚಳಿಗಾಲದಲ್ಲಿ ಹರಳುಗಟ್ಟಿ ಕಪ್ಪಿನಲ್ಲಿ ನಡುನಡುವೆ ಗಾಳಿ ಬಿಟ್ಟುಕೊಂಡು ಕೂಡುತ್ತದೆ. ನಾನಖಟಾಯಿಗೆ 100 ಗ್ರಾಂ ಮೈದಾಕ್ಕೆ 50ರಿಂದ 60 ಗ್ರಾಂ ತುಪ್ಪ, 50 ಗ್ರಾಂ ಪುಡಿ ಸಕ್ಕರೆ ಎಂಬ ಲೆಕ್ಕ ಇಟ್ಟುಕೊಂಡರೆ ಡಿಸೆಂಬರಿನಲ್ಲೂ ಮೇ ತಿಂಗಳಲ್ಲೂ ಒಂದೇ ಥರ ಬರುತ್ತದೆ. ತುಪ್ಪ ಮಿಕ್ಕಿದರೆ ತಟ್ಟೆಯಲ್ಲಿ ಹರಡಿ ಚಪ್ಪಟೆಯಾಗುತ್ತದೆ, ಕಡಿಮೆಯಾದರೆ ಉಂಡೆ ಕಟ್ಟುವಾಗಲೇ ಒಡೆಯುತ್ತದೆ. ಅಮೆರಿಕದ ಪಾಕವಿಧಾನದಲ್ಲಿ ಬರುವ ಒಂದು “ಸ್ಟಿಕ್” ಬೆಣ್ಣೆ 113 ಗ್ರಾಂ. ನಮ್ಮ ಚಿಕ್ಕ ಪಾಕೀಟು 100. ಎರಡು ಸ್ಟಿಕ್ಕಿಗೆ ಎರಡು ಪಾಕೀಟು ಹಾಕಿದರೆ 26 ಗ್ರಾಂ ಕೊರತೆ. ನಮ್ಮದು ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬೇಡಿ.

ಈಗ ಕಾಟಾದ ಮಾತು. ಅಂಗಡಿಯಲ್ಲೇ ಸೆಲ್ ಹಾಕಿಸಿ, ಗಾಜಿನ ಕೌಂಟರಿನ ಮೇಲೆ ಸಮವಾಗಿ ಇಡಿಸಿ ನೋಡಿ ಕೊಳ್ಳಬೇಕು. ಪರೀಕ್ಷೆಗೆ ಬಟ್ಟು ಬೇಕಾಗಿಲ್ಲ, ಜೇಬಿನಲ್ಲಿ ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯ ಹತ್ತು ಇದ್ದರೆ ಸಾಕು. ಒಂದೊಂದು 7.7 ಗ್ರಾಂ, ಹತ್ತು ಸೇರಿದರೆ 77. ಕಾಟಾ 76, 77, 78 ತೋರಿಸಿದರೆ ಒಳ್ಳೆಯ ಮಾಲು. ಆ ನಾಣ್ಯಗಳ ಗುಡ್ಡೆಯನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಅಂಚುಗಳಲ್ಲಿ ಒಂದೊಂದು ಸಲ ಇಟ್ಟು ನೋಡಿ. ಅಂಚಿಗೆ ಸರಿಸಿದಾಗ ಮೂರು ನಾಲ್ಕು ಗ್ರಾಂ ಬದಲಾದರೆ ಬೇರೆ ಪೀಸ್ ಕೇಳಿ. ಅರ್ಧ ನಿಮಿಷ ಹಾಗೇ ಬಿಟ್ಟಾಗ ಅಂಕಿ ತಾನಾಗಿ ಏರಿಳಿಯಬಾರದು. 10 ಕಿಲೋ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದಕ್ಕೆ ಹೆಚ್ಚು ಬೆಲೆ ಕೊಡುವುದು ಬೇಡ, ಮನೆಯ ಬೇಕಿಂಗಿಗೆ 5 ಕಿಲೋ ಧಾರಾಳ.

ಬಳಕೆಯಲ್ಲಿ ಇದರ ದೊಡ್ಡ ದೋಷ ಎರಡು. ಒಂದು, ತಾನಾಗಿ ಆರಿಹೋಗುವುದು. ಮೈದಾ ತೂಗಿ, ಸಕ್ಕರೆ ಡಬ್ಬಿ ಹುಡುಕಿ ತರುವಷ್ಟರಲ್ಲಿ ಪರದೆ ಖಾಲಿ, ಸೊನ್ನೆ ಮಾಡಿಟ್ಟ ಲೆಕ್ಕವೂ ಹೋಯಿತು. ಇದಕ್ಕೆ ಪರಿಹಾರ ಸುಲಭ: ಕೇಕಿಗೆ ಬಳಸುವ ಬಟ್ಟಲಿನ ಖಾಲಿ ತೂಕವನ್ನು ಅದರ ತಳದಲ್ಲಿ ಮಾರ್ಕರಿನಿಂದ ಬರೆದಿಡಿ. ಕಾಟಾ ಆರಿದರೆ ಮತ್ತೆ ಹಾಕಿ, ಬಂದ ತೂಕದಲ್ಲಿ ಅದನ್ನು ಕಳೆದರೆ ಲೆಕ್ಕ ಮುಂದುವರಿಯುತ್ತದೆ. ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ. ಸೊನ್ನೆಯಲ್ಲಿ ನಿಂತ ಕಾಟಾದ ಮೇಲೆ ಈಸ್ಟನ್ನೋ ಕೋಕೋವನ್ನೋ ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂಥ ಕಾಟಾಗಳು ಸೊನ್ನೆಯ ಹತ್ತಿರದ ಸಣ್ಣ ಏರಿಳಿತವನ್ನು ತಾವೇ ಅಳಿಸಿಹಾಕುವಂತೆ ಮಾಡಲ್ಪಟ್ಟಿವೆ, ಇಲ್ಲದಿದ್ದರೆ ಫ್ಯಾನಿನ ಗಾಳಿಗೂ ಅಂಕಿ ಕುಣಿಯುತ್ತದೆ. ಸಣ್ಣ ತೂಕಕ್ಕೆ ಉಲ್ಟಾ ದಾರಿ ಹಿಡಿಯಬೇಕು. ಈಸ್ಟಿನ ಡಬ್ಬಿಯನ್ನೇ ಕಾಟಾದ ಮೇಲಿಟ್ಟು ಸೊನ್ನೆ ಮಾಡಿ, ಚಮಚದಿಂದ ಒಂದೇ ಸಲಕ್ಕೆ ತೆಗೆಯಿರಿ. ಮೈನಸ್ 7 ಎಂದು ಬಂದರೆ 7 ಗ್ರಾಂ ತೆಗೆದಂತಾಯಿತು. ಜೇನಿಗೂ ಇದೇ ಸರಿ, ಕಪ್ಪಿಗೆ ಅಂಟಿ ಹಾಳಾಗುವುದು ತಪ್ಪುತ್ತದೆ.

ದೊಡ್ಡ ಬಟ್ಟಲಿಟ್ಟರೆ ಪರದೆ ಮುಚ್ಚಿಹೋಗುತ್ತದೆ. ತಟ್ಟೆಯ ಮೇಲೆ ಸಣ್ಣ ಸ್ಟೀಲಿನ ವಾಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಬಟ್ಟಲಿಡಿ. ಕಡಪಾ ಕಲ್ಲಿನ ಕಟ್ಟೆ ಉತ್ತಮ ಜಾಗ. ಕೆಳಗೆ ಬಟ್ಟೆಯನ್ನೋ ಪೇಪರನ್ನೋ ಹಾಸಬೇಡಿ, ರಬ್ಬರ್ ಕಾಲು ನಾಲ್ಕೂ ಕಲ್ಲಿಗೆ ತಾಗಬೇಕು. ಗುಂಡಿ ತಪ್ಪಿ ಒತ್ತಿ ಗ್ರಾಂ ಹೋಗಿ ಔನ್ಸ್ ಬಂದಿದೆಯೋ ಎಂದು ಪ್ರತಿಸಲ ಮೂಲೆಯ ಅಕ್ಷರ ನೋಡಿಕೊಳ್ಳಿ, ಒಂದು ಔನ್ಸ್ ಅಂದರೆ 28.35 ಗ್ರಾಂ. ಅಂಕಿ ಮಸುಕಾದರೆ, ನಿಲ್ಲದೆ ಓಡಾಡಿದರೆ ಮೊದಲು ಸೆಲ್ ಬದಲಿಸಿ.

ಇಷ್ಟೆಲ್ಲ ಹೊಗಳಿದ ಕಾಟಾ ಸೋಡಾದ ಮುಂದೆ ಸೋಲುತ್ತದೆ. ಅರ್ಧ ಟೀ ಚಮಚ ಸೋಡಾ 3 ಗ್ರಾಮಿನೊಳಗೆ. ಒಂದು ಗ್ರಾಂ ಲೆಕ್ಕದ ಯಂತ್ರ 3 ತೋರಿಸಿದಾಗ ಅದು ಎರಡೂವರೆಯೂ ಇರಬಹುದು, ಮೂರೂವರೆಯೂ ಇರಬಹುದು. ಮೈದಾದಲ್ಲಿ ಅರ್ಧ ಗ್ರಾಂ ಏನೂ ಅಲ್ಲ, ಸೋಡಾದಲ್ಲಿ ಅದು ರುಚಿಯನ್ನೇ ಬದಲಿಸುತ್ತದೆ. ಕಪ್ ಸೆಟ್ಟಿನ ಚಮಚಗಳು ಬೇಕಾಗುವುದು ಇಲ್ಲಿ. ಟೇಬಲ್ ಚಮಚ 15 ಮಿ.ಲೀ., ಟೀ ಚಮಚ 5, ಅರ್ಧ 2.5, ಕಾಲು 1.25. ಬೇಕಿಂಗ್ ಪೌಡರ್ ಒಂದು ಟೀ ಚಮಚಕ್ಕೆ 4 ಗ್ರಾಮಿನ ಮೇಲೆ, ಉಪ್ಪು 6, ಡ್ರೈ ಈಸ್ಟ್ 3. ಪುಡಿಯನ್ನು ಡಬ್ಬಿಯಲ್ಲಿ ಕೆದಕಿ, ಚಮಚ ತುಂಬಿ, ಚಾಕುವಿನಿಂದ ಸಮ ಮಾಡಬೇಕು. ಗುಡ್ಡೆ ಚಮಚ ಲೆಕ್ಕಕ್ಕಿಲ್ಲ. ಊಟದ ಚಮಚ, ಚಹಾದ ಚಮಚ ಮನೆಮನೆಗೆ ಬೇರೆಯಾದ್ದರಿಂದ ಅವೂ ಬೇಡ.

ಚಮಚ ಸರಿಯಿದೆಯೋ ನೋಡಲು ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ತನ್ನಿ. ಸಿರಿಂಜಿನಿಂದ 5 ಮಿ.ಲೀ. ನೀರು ಬಿಟ್ಟಾಗ ಟೀ ಚಮಚ ಅಂಚಿನವರೆಗೆ ತುಂಬಬೇಕು, ಚೆಲ್ಲಬಾರದು. ಕಪ್ಪುಗಳಿಗೆ ಕಾಟಾದ ಮೇಲೆಯೇ ಪರೀಕ್ಷೆ: ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ, ಅಲ್ಲೇ ನೀರು ಸುರಿಯಿರಿ, ತುಂಬಿದ ಕಪ್ಪನ್ನು ಎತ್ತಿ ತಂದು ಇಡುವುದು ಬೇಡ. ಒಂದು ಮಿ.ಲೀ. ನೀರು ಒಂದು ಗ್ರಾಂ ಎಂದೇ ಹಿಡಿಯಿರಿ. ನೀರು ಅಂಚಿನ ಮೇಲೆ ಉಬ್ಬಿ ನಿಲ್ಲುವ ಮೊದಲು ನಿಲ್ಲಿಸಬೇಕು, ಆ ಉಬ್ಬಿನಲ್ಲೇ ಕೆಲವು ಗ್ರಾಂ ಇರುತ್ತದೆ. ಬಂದ ಅಂಕಿಯೇ ನಿಮ್ಮ ಕಪ್ಪಿನ ನಿಜವಾದ ಅಳತೆ, ಹಿಡಿಕೆಯ ಮೇಲೆ ಏನೇ ಬರೆದಿರಲಿ.

ಅದಾದ ಮೇಲೆ ಒಂದು ಮಧ್ಯಾಹ್ನ ಕೂತು ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ನೀವು ಬಳಸುವ ಮೈದಾ, ಗೋಧಿ ಹಿಟ್ಟು, ಚಿರೋಟಿ ರವೆ, ಕೋಕೋ, ಕಾರ್ನ್‌ಫ್ಲೋರ್, ಸಕ್ಕರೆ, ಒಂದೊಂದನ್ನೂ ನಿಮ್ಮದೇ ಕಪ್ಪಿನಲ್ಲಿ ನಿಮ್ಮದೇ ಕೈಯಿಂದ ಮೂರು ಸಲ ತುಂಬಿ, ಮೂರು ಸಲ ತೂಗಿ, ಸರಾಸರಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಮೂರು ಸಲದ ತೂಕದಲ್ಲಿ ಐದಾರು ಗ್ರಾಮಿಗಿಂತ ಹೆಚ್ಚು ಫರಕು ಬಂದ ಸಾಮಾನು ಯಾವುದೋ ಅದನ್ನು ಇನ್ನು ಮುಂದೆ ಕಪ್ಪಿನಲ್ಲಿ ಅಳೆಯಬೇಡಿ. ಕೋಕೋ ಮತ್ತು ಮೈದಾ ಖಂಡಿತ ಆ ಸಾಲಿಗೆ ಸೇರುತ್ತವೆ. ಮೊಟ್ಟೆಯನ್ನೂ ಚಿಪ್ಪು ಒಡೆದು ತೂಗಿ, ಸಾಧಾರಣ ಗಾತ್ರದ್ದು 45ರಿಂದ 50 ಗ್ರಾಂ ಇರುತ್ತದೆ. ಪಾಕವಿಧಾನವನ್ನು ಅರ್ಧ ಮಾಡುವಾಗ “ಒಂದೂವರೆ ಮೊಟ್ಟೆ” ಬಂದರೆ ಹೆದರಬೇಕಿಲ್ಲ, ಎರಡನ್ನು ಒಡೆದು ಕಲಕಿ 70–75 ಗ್ರಾಂ ತೆಗೆದುಕೊಂಡರಾಯಿತು.

ವಿದ್ಯಾನಗರ, ನವನಗರದ ಕಡೆ ಮನೆಯಿಂದಲೇ ಕೇಕ್ ಮಾರುವ ಅಕ್ಕಂದಿರಿಗೆ ಒಂದು ಮಾತು. ಈ ಬಿಳಿ ಕಾಟಾ ಹಿಟ್ಟು ಕಲಸುವುದಕ್ಕಷ್ಟೇ. ಅರ್ಧ ಕಿಲೋ, ಒಂದು ಕಿಲೋ ಎಂದು ತೂಗಿ ಮಾರುವುದಾದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಪರಿಶೀಲಿಸಿ ಮುದ್ರೆ ಹಾಕಿದ ಕಾಟಾವೇ ಬೇಕು, ಈ ಅಡುಗೆಮನೆಯ ಮಾಲಿಗೆ ಆ ಮುದ್ರೆ ಇರುವುದಿಲ್ಲ.

ಚಮಚದ ಸೆಟ್ ಆರಿಸುವಾಗ ಅಂಕಿಯ ಮೇಲೆ ಉಗುರಾಡಿಸಿ ನೋಡಿ. ಬರೀ ಬಿಳಿ ಬಣ್ಣದಲ್ಲಿ ಬರೆದದ್ದಾದರೆ ತೊಳೆದು ತೊಳೆದು ಅಳಿಸಿಹೋಗಿ, ಅರ್ಧ ಚಮಚ ಯಾವುದು ಕಾಲು ಯಾವುದು ತಿಳಿಯದಂತಾಗುತ್ತದೆ. ಅಚ್ಚಿನಲ್ಲೇ ಉಬ್ಬಿ ಬಂದ ಅಂಕಿಯದ್ದನ್ನು ಆರಿಸಿ, ಮನೆಗೆ ತಂದ ದಿನವೇ ರಿಂಗು ತೆಗೆದಿಡಿ. ಪೋಣಿಸಿದ ಹಾಗೇ ಬಳಸಿದರೆ ಒಂದನ್ನು ಸೋಡಾದ ಡಬ್ಬಿಗೆ ಅದ್ದುವಾಗ ಉಳಿದ ಮೂರೂ ಜೊತೆಗೆ ಇಳಿಯುತ್ತವೆ.